ಬಾಯಿಹುಣ್ಣಿನ ಪೇಸ್ಟು: ಒಬ್ಬ ಕನ್ನಡ ಮೇಷ್ಟರ ವಿಮರ್ಶೆ

ಟ್ರಯಾಮ್ಸಿನೊಲೋನ್ ಅಸಿಟೊನೈಡ್ ಎಂಬ, ಹುಣ್ಣಿರುವ ಬಾಯಿಂದ ಉಚ್ಚರಿಸಲು ಸಾಧ್ಯವೇ ಇಲ್ಲದ ಹೆಸರಿನ ಔಷಧವು 0.1% ಪ್ರಮಾಣದಲ್ಲಿ ಸೇರಿರುವ ಪೇಸ್ಟೊಂದನ್ನು ನಾನು ಎರಡು ವರ್ಷಗಳಿಂದ ಬಾಯಿಹುಣ್ಣಿಗೆ ಬಳಸುತ್ತಿದ್ದೇನೆ. ಇದನ್ನು ಹಲವು ಕಂಪನಿಗಳು ಹಲವು ಹೆಸರುಗಳಲ್ಲಿ ಮಾರುತ್ತವೆ. ನನ್ನ ಕೈಗೆ ಮೂರು ಕಂಪನಿಗಳ ಟ್ಯೂಬುಗಳು ಬಂದು ಹೋಗಿದ್ದು, ಅವುಗಳ ನಡುವೆ ಬಣ್ಣದ ತುಸು ವ್ಯತ್ಯಾಸವನ್ನು ಬಿಟ್ಟರೆ ಬೇರೇನೂ ನನಗೆ ಕಾಣಲಿಲ್ಲವಾದ್ದರಿಂದ, ಕಂಪನಿಗಳ ಹೆಸರನ್ನು ಬದಿಗಿಟ್ಟು ಪೇಸ್ಟಿನ ಗುಣದೋಷಗಳನ್ನಷ್ಟೇ ಬರೆಯುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಎದ್ದ ಹುಣ್ಣನ್ನು ಬೇಗ ಆರಿಸುವುದರಲ್ಲಿ ಇದಕ್ಕೆ ಸಮನಾದದ್ದು ನನಗೆ ಸಿಕ್ಕಿಲ್ಲ; ಆದರೆ ಮುಂದಿನ ಹುಣ್ಣನ್ನು ತಡೆಯುವ ಶಕ್ತಿ ಇದಕ್ಕಿಲ್ಲ, ಮತ್ತು ಅದು ಗೊತ್ತಾಗಲು ನನಗೆ ಒಂದು ವರ್ಷವೂ ಎರಡು ಟ್ಯೂಬುಗಳೂ ಬೇಕಾದವು.

ನಾನು ಹಾಸನದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ದಿನಕ್ಕೆ ಐದು ಪೀರಿಯಡ್ಡು ಮಾತನಾಡಲೇಬೇಕಾದವನಿಗೆ ಬಾಯಿಹುಣ್ಣು ಊಟದ ತೊಂದರೆಗಿಂತ ಹೆಚ್ಚಾಗಿ ವೃತ್ತಿಯ ತೊಂದರೆ. ಹುಣ್ಣು ಎಲ್ಲಿದೆ ಎಂಬುದನ್ನು ನಾನು ಕನ್ನಡಿ ನೋಡದೆ ವರ್ಗೀಯ ವ್ಯಂಜನಗಳಿಂದಲೇ ಹೇಳಬಲ್ಲೆ. ತುಟಿಯ ಒಳಮೈಯಲ್ಲಿದ್ದರೆ ಪ-ವರ್ಗ ನೋಯುತ್ತದೆ. ಭಾಮಿನಿ ಷಟ್ಪದಿ ಎಂಬ ಎರಡೇ ಪದಗಳಲ್ಲಿ ತುಟಿಗಳು ಮೂರು ಬಾರಿ ಕೂಡಬೇಕೆಂಬುದು ನನಗೆ ತಿಳಿದದ್ದು ಅಂಥ ಒಂದು ದಿನ. ನಾಲಗೆಯ ತುದಿಯಲ್ಲಿದ್ದರೆ ತ-ವರ್ಗ, ನಾಲಗೆಯ ಅಡಿಯಲ್ಲಿದ್ದರೆ ಟ-ವರ್ಗ, ಮೆದು ಅಂಗುಳಿಗೆ ಬಂದರೆ ಕ-ವರ್ಗದ ಜೊತೆಗೆ ಉಗುಳು ನುಂಗುವುದೂ ಕಷ್ಟ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನದ ದಿನಗಳಲ್ಲಿ ನಿದ್ದೆಗೆಟ್ಟಾಗಲಂತೂ ಎರಡು ಮೂರು ಹುಣ್ಣುಗಳು ಒಟ್ಟಿಗೇ ಏಳುತ್ತಿದ್ದವು.

ಪೇಸ್ಟಿನ ವಿಚಾರಕ್ಕೆ ಹೋಗುವ ಮುನ್ನ ಇದು ಯಾವ ಹುಣ್ಣಿಗೆ ಸಲ್ಲುತ್ತದೆ ಎಂಬುದನ್ನು ತಿಳಿದಿರಬೇಕು. ನಡುವೆ ಬಿಳಿ ಅಥವಾ ತಿಳಿಹಳದಿ ಪೊರೆ, ಸುತ್ತಲೂ ಕೆಂಪು ಅಂಚು ಇರುವ, ಮುಟ್ಟಿದರೆ ಉರಿಯುವ ದುಂಡನೆಯ ಹುಣ್ಣನ್ನು ವೈದ್ಯರು ಆಫ್ತಸ್ ಅಲ್ಸರ್ ಎನ್ನುತ್ತಾರೆ. ಕೆನ್ನೆ ಮತ್ತು ತುಟಿಗಳ ಒಳಮೈ, ನಾಲಗೆಯ ಅಡಿ, ಮೆದು ಅಂಗುಳು, ಅಂದರೆ ಮೆತ್ತಗಿನ, ಅಲುಗಾಡುವ ಚರ್ಮವಿರುವ ಕಡೆಗಳಲ್ಲಿ ಅದು ಏಳುತ್ತದೆ. ಬಹುಪಾಲು ಹುಣ್ಣುಗಳು 10 ಮಿಲಿಮೀಟರಿಗಿಂತ ಚಿಕ್ಕವು. ಏನೂ ಹಚ್ಚದಿದ್ದರೂ 7ರಿಂದ 14 ದಿನಗಳಲ್ಲಿ ಕಲೆಯಿಲ್ಲದೆ ಮಾಯುತ್ತವೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅದಕ್ಕಿಂತ ದೊಡ್ಡವು ವಾರಗಟ್ಟಲೆ ಉಳಿದು ಕಲೆ ಬಿಡಬಹುದು. ತುಟಿಯ ಹೊರಗೆ ನೀರುಗುಳ್ಳೆಗಳ ಗೊಂಚಲಿನಂತೆ ಬರುವುದು ಇದಲ್ಲ. ಅದು ಹರ್ಪಿಸ್ ವೈರಸ್ಸಿನದು, ಹರಡುತ್ತದೆ, ಮತ್ತು ಅದರ ಮೇಲೆ ಈ ಪೇಸ್ಟನ್ನು ಹಚ್ಚಲೇಬಾರದು. ಏಕೆಂದರೆ ಟ್ರಯಾಮ್ಸಿನೊಲೋನ್ ಒಂದು ಸ್ಟೀರಾಯ್ಡ್. ಅದು ಉರಿಯೂತವನ್ನು ತಗ್ಗಿಸುವುದು ಆ ಜಾಗದಲ್ಲಿ ದೇಹದ ರಕ್ಷಣೆಯನ್ನೂ ಸ್ವಲ್ಪ ತಗ್ಗಿಸುವುದರ ಮೂಲಕ. ವೈರಸ್ಸೋ ಶಿಲೀಂಧ್ರವೋ ಇರುವ ಜಾಗಕ್ಕೆ ಅಂಥದ್ದನ್ನು ಹಚ್ಚಿದರೆ ಕಳ್ಳನಿರುವ ಮನೆಯ ಕಾವಲುಗಾರನನ್ನು ಮಲಗಿಸಿದಂತೆ.

ನನ್ನ ಮೊದಲ ಟ್ಯೂಬಿನ ಕತೆ ನಾಚಿಕೆಯದು. ಸಾಲಗಾಮೆ ರಸ್ತೆಯ ಒಂದು ಮೆಡಿಕಲ್ ಸ್ಟೋರಿನಲ್ಲಿ, ದಂತವೈದ್ಯರು ಬರೆದುಕೊಟ್ಟ ಚೀಟಿ ತೋರಿಸಿ ಕೊಂಡುಕೊಂಡು ಬಂದು, ರಾತ್ರಿ ಊಟವಾದ ಮೇಲೆ ಬೆರಳಿನಿಂದ ಚೆನ್ನಾಗಿ ತಿಕ್ಕಿ ಹಚ್ಚಿದೆ. ಅದು ಹುಣ್ಣಿಗೆ ಅಂಟುವುದಿರಲಿ, ಸಣ್ಣ ಮರಳಿನಂತೆ ಗರಗರನೆ ಪುಡಿಯಾಗಿ ಬಾಯಿತುಂಬ ಹರಡಿತು. ಹಳೆಯ ದಾಸ್ತಾನು ಕೊಟ್ಟಿದ್ದಾರೆಂದು ಮರುದಿನ ಅಂಗಡಿಗೆ ಹೋಗಿ ಏರುದನಿಯಲ್ಲೇ ಕೇಳಿದೆ. ಅಂಗಡಿಯವರು ಟ್ಯೂಬನ್ನು ತಿರುಗಿಸಿ ತಯಾರಿಕೆಯ ದಿನಾಂಕ ತೋರಿಸಿದರು. ಅದು ನಾಲ್ಕು ತಿಂಗಳ ಹಿಂದಿನದು. ಆಮೇಲೆ, “ಮೇಷ್ಟ್ರೇ, ಇದು ಮಂಡಿನೋವಿನ ಮುಲಾಮಲ್ಲ ತಿಕ್ಕೋಕೆ. ಒತ್ತಿ ಸುಮ್ಮನೆ ಬಿಟ್ಟುಬಿಡಿ,” ಎಂದರು. ತಿಕ್ಕಬಾರದೆಂದು ಒಳಗಿನ ಚೀಟಿಯಲ್ಲೂ ಬರೆದಿತ್ತು. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ, ಅದೂ ಇಂಗ್ಲಿಷಿನಲ್ಲಿ ಮಾತ್ರ ಬರೆದಿತ್ತೆಂಬುದು ನನ್ನ ಸಮರ್ಥನೆ. ನಮ್ಮ ರಾಜ್ಯದಲ್ಲಿ ಮಾರುವ ಔಷಧದ ಬಳಕೆಯ ಕ್ರಮವನ್ನು ಎರಡು ಸಾಲು ಕನ್ನಡದಲ್ಲಿ ಅಚ್ಚು ಹಾಕಿದರೆ ಕಂಪನಿಗಳಿಗೆ ಎಷ್ಟು ಖರ್ಚಾದೀತು?

ಸರಿಯಾದ ಕ್ರಮ ಹೀಗಿದೆ. ಊಟದ ನಂತರ ಬಾಯಿ ಮುಕ್ಕಳಿಸಿ, ಹುಣ್ಣಿನ ಮೇಲಿನ ಜೊಲ್ಲನ್ನು ಹತ್ತಿಯಿಂದ ಮೆಲ್ಲಗೆ ಒತ್ತಿ ತೆಗೆಯಬೇಕು. ಮೆಣಸಿನ ಕಾಳಿನಷ್ಟು ಪೇಸ್ಟನ್ನು ತೊಳೆದ ಬೆರಳ ತುದಿಗೆ ತೆಗೆದುಕೊಂಡು ಹುಣ್ಣಿನ ಮೇಲಿಟ್ಟು ಹಗುರಾಗಿ ಒತ್ತಬೇಕು, ಎಳೆಯಬಾರದು. ಪೇಸ್ಟಿನಲ್ಲಿರುವ ಜೆಲಾಟಿನ್, ಪೆಕ್ಟಿನ್ ಮತ್ತು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಅಂಟುಪದಾರ್ಥಗಳು ಬಾಯಿಯ ತೇವವನ್ನು ಹೀರಿಕೊಂಡು ಊದಿ, ಒಂದೆರಡು ನಿಮಿಷದಲ್ಲಿ ನುಣುಪಾದ ತೆಳು ಪೊರೆಯಾಗಿ ಕೂರುತ್ತವೆ. ಔಷಧ ಹುಣ್ಣನ್ನು ಬಿಡದೆ ಅಲ್ಲೇ ಉಳಿಯುವುದು ಈ ಪೊರೆಯಿಂದ. ಹಲ್ಲು ನೇರವಾಗಿ ಹುಣ್ಣಿಗೆ ತಾಗದಂತೆ ನೋಡಿಕೊಳ್ಳುವುದೂ ಇದೇ. ಜೊಲ್ಲು ಕಡಿಮೆ ಸುರಿಯುವ ರಾತ್ರಿಯ ಹೊತ್ತು ಹಚ್ಚಿ ಮಲಗುವುದು ಅತ್ಯುತ್ತಮ. ಬೇಕೆನಿಸಿದರೆ ಹಗಲು ಊಟದ ನಂತರ ಇನ್ನೊಂದೆರಡು ಸಲ. ತುಟಿಯ ಒಳಮೈಯಲ್ಲಿ ಇದು ಬೆಳಗಿನವರೆಗೂ ಕೂತಿರುತ್ತದೆ, ಕೆನ್ನೆಯಲ್ಲಿ ಅರ್ಧ ರಾತ್ರಿ. ನಾಲಗೆಯ ಪಕ್ಕದ ಹುಣ್ಣಿಗೆ ಮಾತ್ರ ಪೇಸ್ಟು ಸೋತಿದೆ ಎಂದೇ ಹೇಳಬೇಕು, ಏಕೆಂದರೆ ನಾಲಗೆ ನಿದ್ದೆಯಲ್ಲೂ ಸುಮ್ಮನಿರುವ ಜಾತಿಯದಲ್ಲ.

ಪರಿಣಾಮವನ್ನು ನಾನು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಗುರುತು ಹಾಕುತ್ತಾ ಬಂದಿದ್ದೇನೆ. ಪೇಸ್ಟಿಲ್ಲದ ಕಾಲದಲ್ಲಿ ಒಂದು ಹುಣ್ಣಿಗೆ ನನಗೆ ಹತ್ತು ಹನ್ನೆರಡು ದಿನ ಬೇಕಾಗುತ್ತಿತ್ತು. ಚುಳುಕು ಚುಳುಕು ಎನ್ನುವ ಮೊದಲ ದಿನವೇ, ಬಿಳಿ ಪೊರೆ ಕಟ್ಟುವ ಮೊದಲೇ ಹಚ್ಚಿದರೆ ಐದಾರು ದಿನಗಳಲ್ಲಿ ಮುಗಿಯುತ್ತದೆ. ಹುಣ್ಣು ಪೂರ್ತಿ ಅರಳಿದ ಮೇಲೆ, ನಾಲ್ಕನೆಯ ದಿನ ಹಚ್ಚಿದರೆ ಉಳಿತಾಯ ಒಂದೆರಡು ದಿನ ಮಾತ್ರ. ಹಚ್ಚಿದ ಕೂಡಲೆ ನೋವು ನಿಲ್ಲಬೇಕೆನ್ನುವವರು ಇದರಿಂದ ನಿರಾಶರಾಗುತ್ತಾರೆ. ಜುಮ್ಮೆನಿಸಿ ಮರಗಟ್ಟಿಸುವ ಔಷಧ ಇದರಲ್ಲಿಲ್ಲ. ರುಚಿ ಎಂದರೆ ಸಪ್ಪೆ, ಸ್ವಲ್ಪ ವ್ಯಾಸಲೀನಿನ ಜಾತಿ. ಏಳು ದಿನ ಹಚ್ಚಿದರೂ ಮಾಯುವ ಲಕ್ಷಣವಿಲ್ಲದಿದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಸ್ಟೀರಾಯ್ಡ್ ಎಂಬ ಪದಕ್ಕೆ ಹೆದರುವವರು ನನ್ನ ಸಹೋದ್ಯೋಗಿಗಳಲ್ಲಿ ಬಹಳ ಮಂದಿ ಇದ್ದಾರೆ. ಮೆಣಸಿನ ಕಾಳಿನಷ್ಟು ಪೇಸ್ಟನ್ನು ಕೆಲವು ದಿನ ಹಚ್ಚುವುದು ಮಾತ್ರೆ ನುಂಗಿದಂತಲ್ಲ. ಹಾಗೆಂದು ವರ್ಷವಿಡೀ ದಿನಾ ಹಚ್ಚಿಕೊಂಡರೆ ಬಾಯಲ್ಲಿ ಬಿಳಿ ಶಿಲೀಂಧ್ರ ಬೆಳೆಯಲು ದಾರಿಯಾಗುತ್ತದೆ. ನನ್ನಂತೆ ಸಕ್ಕರೆ ಕಾಯಿಲೆ ಇರುವವರು ಅದನ್ನು ವೈದ್ಯರಿಗೆ ಹೇಳಿಯೇ ಬರೆಸಿಕೊಳ್ಳಬೇಕು.

ಹೋಲಿಕೆಗಾಗಿ, ಎಲ್ಲ ಮೆಡಿಕಲ್ ಸ್ಟೋರುಗಳಲ್ಲೂ ಬಾಯಿಹುಣ್ಣೆಂದ ಕೂಡಲೆ ಮೊದಲು ಕೈಗೆ ಕೊಡುವ ಜೆಲ್ಲಿನ ಬಗ್ಗೆಯೂ ಹೇಳಬೇಕು. ಇವುಗಳಲ್ಲಿ ಸಾಮಾನ್ಯವಾಗಿ ಕೋಲೀನ್ ಸ್ಯಾಲಿಸಿಲೇಟ್ ಇರುತ್ತದೆ, ಕೆಲವದರಲ್ಲಿ ಜೊತೆಗೆ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧವೂ ಇರುತ್ತದೆ. ಹಚ್ಚಿದೊಡನೆ ಒಂದು ಕ್ಷಣ ಕಣ್ಣಲ್ಲಿ ನೀರು ತರಿಸಿ, ಎರಡು ನಿಮಿಷದಲ್ಲಿ ನೋವನ್ನು ಅಡಗಿಸುತ್ತದೆ. ಆದರೆ ಜೊಲ್ಲಿನಲ್ಲಿ ತೊಳೆದುಹೋಗಿ ಇಪ್ಪತ್ತು ಮೂವತ್ತು ನಿಮಿಷದ ನಂತರ ಹುಣ್ಣು ತನ್ನ ಇರವನ್ನು ಮತ್ತೆ ಸಾರುತ್ತದೆ. ಊಟಕ್ಕೆ ಕೂರುವ ಮುಂಚೆ ಹಚ್ಚಿಕೊಂಡರೆ ಸೊಪ್ಪಿನ ಸಾರಿನ ಜೊತೆ ಮುದ್ದೆ ನುಂಗಲು ಸಾಧ್ಯ ಎಂಬುದು ಇದರ ಲಾಭ. ಬಿಸಿ ತಿಳಿಯದೆ ನಾಲಗೆ ಸುಟ್ಟುಕೊಳ್ಳುವುದು, ಕೆನ್ನೆ ಕಚ್ಚಿಕೊಂಡು ಇನ್ನೊಂದು ಹುಣ್ಣಿಗೆ ಬೀಜ ಬಿತ್ತುವುದು ಇದರ ಅಪಾಯ. ನಾನಂತೂ ಇದನ್ನು ಮೌಲ್ಯಮಾಪನದ ದಿನಗಳಿಗೆಂದು ಮಾತ್ರ ಇಟ್ಟುಕೊಂಡಿದ್ದೇನೆ.

ಈ ಜೆಲ್ಲಿನ ವಿಚಾರದಲ್ಲಿ ಪೋಷಕರು ತಿಳಿದಿರಬೇಕಾದ ಒಂದು ಸಂಗತಿ ಇದೆ. ಕಳೆದ ದೀಪಾವಳಿಗೆ, ಹಾಸನಾಂಬೆಯ ದರ್ಶನಕ್ಕೆಂದು ಊರಿಂದ ಬಂದಿದ್ದ ತಂಗಿ, ಒಂಬತ್ತು ವರ್ಷದ ಮಗನ ತುಟಿಯ ಹುಣ್ಣು ತೋರಿಸಿ, “ಅಣ್ಣ, ನಿನ್ನ ಜೆಲ್ ಕೊಡು, ಪಾಪ ಏನೂ ತಿಂತಿಲ್ಲ,” ಎಂದಳು. ನಾನು ಕೊಡಲಿಲ್ಲ. ಕೋಲೀನ್ ಸ್ಯಾಲಿಸಿಲೇಟು ಆಸ್ಪಿರಿನ್ನಿನ ಬಳಗದ್ದು. ಆ ಬಳಗದ ಔಷಧಗಳಿಗೂ ಮಕ್ಕಳಲ್ಲಿ ಮೆದುಳು ಮತ್ತು ಯಕೃತ್ತಿಗೆ ಹಾನಿ ಮಾಡುವ ರೇಯ್ಸ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಗೂ ನಂಟಿದೆ. ಈ ಕಾರಣಕ್ಕೆ ಬ್ರಿಟನ್ನಿನ ಔಷಧ ನಿಯಂತ್ರಕರು 2009ರಲ್ಲೇ 16 ವರ್ಷದೊಳಗಿನವರಿಗೆ ಇಂಥ ಜೆಲ್ ಹಚ್ಚಬಾರದೆಂದು ಸೂಚಿಸಿದ್ದಾರೆ. ಹುಡುಗನಿಗೆ ತಣ್ಣನೆಯ ಮೊಸರನ್ನ, ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ದಿನಕ್ಕೆ ಮೂರು ಸಲ ಮುಕ್ಕಳಿಸುವುದು, ಇಷ್ಟರಲ್ಲೇ ವಾರದೊಳಗೆ ವಾಸಿಯಾಯಿತು. ಮಾವನ ಜಿಪುಣತನದ ಬಗ್ಗೆ ಅವನಿಗೆ ಇಂದಿಗೂ ಬೇಸರವಿದೆ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಹುಣ್ಣಿನ ಮೇಲೆ ಬ್ಯಾಕ್ಟೀರಿಯಾ ಕೂರದಂತೆ ನೋಡಿಕೊಳ್ಳುತ್ತದೆ. 0.2% ಪ್ರಮಾಣದ್ದಾದರೆ 10 ಮಿಲಿಲೀಟರಿನಷ್ಟನ್ನು ಒಂದು ನಿಮಿಷ ಬಾಯಲ್ಲಿ ಆಡಿಸಿ ಉಗುಳಬೇಕು, ದಿನಕ್ಕೆರಡು ಬಾರಿ. ಹಲ್ಲುಜ್ಜಿದ ತಕ್ಷಣ ಬಳಸಿದರೆ ಟೂತ್‌ಪೇಸ್ಟಿನ ನೊರೆಯೇ ಅದರ ಶಕ್ತಿಯನ್ನು ಕುಂದಿಸುವುದರಿಂದ ಅರ್ಧ ಗಂಟೆಯಾದರೂ ಬಿಡುವು ಬೇಕು. ಇದರ ದೊಡ್ಡ ದೋಷವೆಂದರೆ ಕಾಫಿ, ಟೀ ಕುಡಿಯುವವರ ಹಲ್ಲನ್ನು ಕಂದುಬಣ್ಣಕ್ಕೆ ತಿರುಗಿಸುವುದು. ಸಕಲೇಶಪುರದ ಕಾಫಿಪುಡಿ ಮನೆಗೆ ಬರುವ ಊರಿನಲ್ಲಿ ಕೂತು ಈ ಔಷಧವನ್ನು ಎರಡು ವಾರ ಬಳಸಿದವನ ಹಲ್ಲು ಹೇಗಿತ್ತೆಂದು ನಮ್ಮ ಹತ್ತನೇ ತರಗತಿಯ ಹಿಂದಿನ ಬೆಂಚಿನವರನ್ನು ಕೇಳಬೇಕು.

ಮನೆಮದ್ದಿನ ಬಗ್ಗೆ ನನಗೆ ತಾತ್ಸಾರವಿಲ್ಲ, ಆದರೆ ಎಲ್ಲವೂ ಒಂದೇ ತೂಕದವಲ್ಲ. ನಮ್ಮಜ್ಜಿ ಉಪ್ಪಿನ ಹರಳನ್ನು ಹುಣ್ಣಿಗೇ ಒತ್ತುತ್ತಿದ್ದರು. ಅದನ್ನು ಶಿಕ್ಷೆಯ ಪಟ್ಟಿಗೆ ಸೇರಿಸುವುದು ಸರಿ. ಸೀಬೆಯ ಚಿಗುರನ್ನು ಅಗಿಯುವುದು ಒಗರಿನಿಂದ ಸ್ವಲ್ಪ ಹೊತ್ತು ಹಿತವಾಗುತ್ತದೆ. ಕೊಬ್ಬರಿ ಅಗಿದು ಅದರ ಎಣ್ಣೆಯಂಶವನ್ನು ಹುಣ್ಣಿನ ಮೇಲೆ ಉಳಿಸಿಕೊಳ್ಳುವುದೂ, ತುಪ್ಪ ಸವರುವುದೂ ಪೇಸ್ಟಿನ ಪೊರೆ ಮಾಡುವ ಕೆಲಸವನ್ನೇ ಒಂದಿಷ್ಟು ಮಟ್ಟಿಗೆ ಮಾಡುತ್ತವೆ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಗಣಿಕೆ ಸೊಪ್ಪು ಮಾರುವ ಅಜ್ಜಿಯರು ಕಟ್ಟಿನ ಜೊತೆಗೆ, ಬಾಯಿಹುಣ್ಣಿಗೆ ಒಳ್ಳೆಯದೆಂಬ ಮಾತನ್ನೂ ಸೇರಿಸಿಯೇ ಕೊಡುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಆಯುರ್ವೇದ ವೈದ್ಯೆ. ಮುಖಪಾಕಕ್ಕೆ, ಅಂದರೆ ಬಾಯಿಹುಣ್ಣಿಗೆ, ಜಾಜಿಯ ಎಲೆಯನ್ನು ಅಗಿಯಲು ಹೇಳುವುದು ಅವರ ಶಾಸ್ತ್ರದಲ್ಲೇ ಇದೆಯೆಂದು ತಿಳಿಸಿದಳು. ಮೈಯ ಉಷ್ಣದಿಂದಲೇ ಹುಣ್ಣೇಳುತ್ತದೆಂಬ ಮಾತಿಗೆ ನಾನು ತಕರಾರು ತೆಗೆದಾಗ, “ಉಷ್ಣ ಅನ್ನೋದನ್ನು ನೀವು ಒಪ್ಪದಿದ್ದರೆ ಬಿಡಿ ಸಾರ್, ಹುಣ್ಣು ಇರೋವರೆಗೆ ಖಾರ, ಹುಳಿ ಬಿಡಿ, ಅಷ್ಟೇ ಸಾಕು,” ಎಂದಳು. ಇದಕ್ಕೆ ಎದುರು ಹೇಳುವಂಥದ್ದು ನನ್ನಲ್ಲಿರಲಿಲ್ಲ. ಸುಣ್ಣ ತಾಗಿಸುವುದು, ಆಸ್ಪಿರಿನ್ ಮಾತ್ರೆಯನ್ನು ಹುಣ್ಣಿನ ಪಕ್ಕ ಇಟ್ಟುಕೊಳ್ಳುವುದು, ಇವೆರಡು ಮಾತ್ರ ಬೇಡವೇ ಬೇಡ. ಎರಡೂ ಬಾಯಿಯ ಚರ್ಮವನ್ನು ಸುಡುತ್ತವೆ.

ಇನ್ನು ತಡೆಯುವ ವಿಚಾರ. ಎರಡನೆಯ ಟ್ಯೂಬು ಮುಗಿಯುವ ಹೊತ್ತಿಗೆ ನನ್ನ ಹಾಜರಿ ಪುಸ್ತಕದ ಲೆಕ್ಕದಲ್ಲಿ ಹುಣ್ಣುಗಳ ದಿನಗಳು ಕಡಿಮೆಯಾಗಿದ್ದವೇ ಹೊರತು ಹುಣ್ಣುಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ. ಆ ಹಾಳೆಯನ್ನು ದಂತವೈದ್ಯರ ಮುಂದಿಟ್ಟಾಗ ಅವರು ಮೊದಲು ಕೇಳಿದ್ದು, ಹುಣ್ಣು ಪದೇ ಪದೇ ಒಂದೇ ಜಾಗದಲ್ಲಿ ಬರುತ್ತದೆಯೇ ಎಂದು. ಬಲಗೆನ್ನೆಯ ಒಂದು ಹುಣ್ಣು ಹಾಗೆಯೇ ಬರುತ್ತಿತ್ತು. ಅಲ್ಲಿನ ದವಡೆ ಹಲ್ಲಿನ ಮೂಲೆ ಮುರಿದು ಚೂಪಾಗಿತ್ತು, ಅದನ್ನು ಐದು ನಿಮಿಷದಲ್ಲಿ ಅರದಿಂದ ಉಜ್ಜಿದಂತೆ ನಯಗೊಳಿಸಿದರು, ಆ ಜಾಗದಲ್ಲಿ ಹುಣ್ಣು ಮತ್ತೆ ಬಂದಿಲ್ಲ. ಎರಡು ವರ್ಷದ ಹುಣ್ಣಿಗೆ ಐದು ನಿಮಿಷದ ಪರಿಹಾರ. ಗಾಯವೇ ಹುಣ್ಣಿಗೆ ನೆಪವಾಗುವುದು ಇಂಥವರಲ್ಲಿ ಸಾಮಾನ್ಯವಂತೆ: ಗಟ್ಟಿ ಬ್ರಷ್ಷು, ಹಲ್ಲಿಗೆ ಹಾಕಿದ ತಂತಿ, ಅವಸರದ ಊಟದಲ್ಲಿ ಕಚ್ಚಿಕೊಂಡ ಕೆನ್ನೆ. ಆಲೂಗಡ್ಡೆಯ ಜಿಲ್ಲೆಯವರಾದ ನಮಗೆ, ಬಾಣಲೆಯಿಂದ ಆಗಷ್ಟೇ ಇಳಿದ ಗರಿಗರಿ ಚಿಪ್ಸಿನ ಅಂಚನ್ನೂ ಈ ಸಾಲಿಗೆ ಸೇರಿಸಬೇಕಾಗಿ ಬಂದದ್ದು ದುಃಖದ ಸಂಗತಿ.

ಅವರು ಸೂಚಿಸಿದ ಎರಡನೆಯ ಬದಲಾವಣೆ ಟೂತ್‌ಪೇಸ್ಟಿನದು. ನೊರೆ ಬರಲೆಂದು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಬಾಯಿಯ ಒಳಪದರವನ್ನು ಕೆಲವರಲ್ಲಿ ಕೆರಳಿಸುತ್ತದೆ. ಅದಿಲ್ಲದ ಪೇಸ್ಟಿನಿಂದ ಹುಣ್ಣುಗಳು ಕಡಿಮೆಯಾದದ್ದನ್ನು ನಾರ್ವೆಯ ದಂತ ಸಂಶೋಧಕರು 1990ರ ದಶಕದಲ್ಲಿ ಗಮನಿಸಿದರು. ನಂತರದ ಪರೀಕ್ಷೆಗಳೆಲ್ಲ ಒಂದೇ ಉತ್ತರ ಕೊಟ್ಟಿಲ್ಲವಾದರೂ, ಪ್ರಯತ್ನಕ್ಕೆ ತಗಲುವುದು ಒಂದು ಟೂತ್‌ಪೇಸ್ಟಿನ ಬೆಲೆ ಮಾತ್ರ. ಪೆಟ್ಟಿಗೆಯ ಮೇಲಿನ ಘಟಕಗಳ ಪಟ್ಟಿಯನ್ನು ಓದಿಯೇ ಕೊಳ್ಳಬೇಕು, ಗಿಡಮೂಲಿಕೆಯದೆಂದು ಬರೆದುಕೊಂಡವುಗಳಲ್ಲೂ ಇದು ಇರುವುದುಂಟು. ನೊರೆಯಿಲ್ಲದ ಪೇಸ್ಟಿನಲ್ಲಿ ಹಲ್ಲುಜ್ಜಿದಾಗ ಮೊದಲ ವಾರ ಬಾಯಿ ತೊಳೆದ ಹಾಗೇ ಆಗುವುದಿಲ್ಲ, ಆಮೇಲೆ ಅಭ್ಯಾಸವಾಗುತ್ತದೆ.

ಆದರೆ ನನ್ನ ಮಟ್ಟಿಗೆ ನಿಜವಾದ ಉತ್ತರ ಸಿಕ್ಕಿದ್ದು ರಕ್ತಪರೀಕ್ಷೆಯಲ್ಲಿ. ಪದೇ ಪದೇ ಹುಣ್ಣಾಗುವವರು ಹಿಮೋಗ್ಲೋಬಿನ್, ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಫೋಲೇಟ್ ಮತ್ತು ಬಿ12 ಎಂಬ ವಿಟಮಿನ್ನುಗಳನ್ನು ನೋಡಿಸಬೇಕೆಂದು ವೈದ್ಯರು ಬರೆದುಕೊಟ್ಟರು. ನನ್ನ ಬಿ12 ಮಾತ್ರ ತೀರ ಕೆಳಗಿತ್ತು. ಕಾರಣ ಕೇಳಿದರೆ ಒಂದಲ್ಲ, ಎರಡು: ಮಾಂಸ, ಮೊಟ್ಟೆ ತಿನ್ನದ ನನಗೆ ಬಿ12 ಸಿಗುವುದು ಹಾಲು ಮೊಸರಿನಿಂದ ಮಾತ್ರ, ಮೇಲಿಂದ ಸಕ್ಕರೆ ಕಾಯಿಲೆಗೆಂದು ಏಳು ವರ್ಷಗಳಿಂದ ನುಂಗುತ್ತಿರುವ ಮೆಟ್‌ಫಾರ್ಮಿನ್ ಆ ಬಿ12 ಅನ್ನು ಕರುಳು ಹೀರಿಕೊಳ್ಳದಂತೆ ಅಡ್ಡಿ ಮಾಡುತ್ತದೆ. ಬಾಯಿಹುಣ್ಣಾದಾಗಲೆಲ್ಲ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಪಡೆದ ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲುಗಳನ್ನು ನಾನು ವರ್ಷಗಟ್ಟಲೆ ಐದೈದು ದಿನ ನುಂಗಿ, ಮೂತ್ರ ಹಳದಿಯಾದದ್ದನ್ನೇ ಗುಣವೆಂದು ನಂಬಿದ್ದೆ. ಆ ಹಳದಿ ಬಣ್ಣ ಹೆಚ್ಚಾಗಿ ಹೊರಗೆ ಹೋಗುತ್ತಿರುವ ರೈಬೋಫ್ಲೇವಿನ್ನಿನದು, ಅಂದರೆ ಬಿ2 ವಿಟಮಿನ್ನಿನದು. ಇಸ್ರೇಲಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ 58 ರೋಗಿಗಳ ಪರೀಕ್ಷೆಯಲ್ಲಿ, ಪ್ರತಿ ರಾತ್ರಿ 1000 ಮೈಕ್ರೋಗ್ರಾಂ ಬಿ12 ಮಾತ್ರೆಯನ್ನು ನಾಲಗೆಯ ಕೆಳಗಿಟ್ಟುಕೊಂಡವರಲ್ಲಿ ಆರನೆಯ ತಿಂಗಳು ಹುಣ್ಣೇ ಕಾಣದವರು ಸುಮಾರು 74%, ಹುಸಿಮಾತ್ರೆ ಪಡೆದವರಲ್ಲಿ 32%. ಸಣ್ಣ ಪರೀಕ್ಷೆಯೇ ಸರಿ, ಆದರೆ ಅದರಲ್ಲಿನ ಪ್ರಮಾಣ ಮತ್ತು ಅವಧಿ ಎರಡನ್ನೂ ನೋಡಿದರೆ, ಐದು ದಿನದ ಕ್ಯಾಪ್ಸೂಲು ಏಕೆ ಸಾಲದೆಂಬುದು ಗೊತ್ತಾಗುತ್ತದೆ. ವೈದ್ಯರು ಹೇಳಿದಷ್ಟು ತಿಂಗಳು ನಾನು ಬಿ12 ತೆಗೆದುಕೊಂಡೆ. ತಿಂಗಳಿಗೆ ಎರಡು ಮೂರು ಏಳುತ್ತಿದ್ದ ಹುಣ್ಣು ಈಗ ಮೂರು ತಿಂಗಳಿಗೊಂದು.

ಕಾರಣಗಳು ಎಲ್ಲರಿಗೂ ಇವೇ ಆಗಿರಬೇಕಿಲ್ಲ. ಕೆಲವು ಮನೆತನಗಳಲ್ಲಿ ಇದು ಅಪ್ಪ-ಅಮ್ಮಂದಿರಿಂದಲೇ ಬರುತ್ತದೆ, ಕೆಲವು ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳ ಆಸುಪಾಸಿನಲ್ಲಿ ಏಳುತ್ತದೆ. ನಮ್ಮ ಶಾಲೆಯ ಒಬ್ಬ ನೌಕರರು ಬೀಡಿ ಬಿಟ್ಟ ಎರಡನೆಯ ವಾರ ಬಾಯಿತುಂಬ ಹುಣ್ಣಾಗಿ, ಬೀಡಿಯೇ ಔಷಧವಾಗಿತ್ತೆಂದು ತೀರ್ಮಾನಿಸಿ ಮತ್ತೆ ಹಚ್ಚಿದರು. ಸೇದುವುದನ್ನು ಬಿಟ್ಟಾಗ ಹುಣ್ಣುಗಳು ಏಳುವುದು ನಿಜ, ಕೆಲವು ವಾರಗಳಲ್ಲಿ ತಾವೇ ನಿಲ್ಲುತ್ತವೆ ಎಂಬುದೂ ನಿಜ. ಅದನ್ನು ಅವರಿಗೆ ಮೊದಲೇ ಹೇಳುವವರು ಇರಲಿಲ್ಲ.

ಪೇಸ್ಟನ್ನು ಶಿಫಾರಸು ಮಾಡುವಾಗ ನಾನು ಒಂದು ಷರತ್ತನ್ನು ತಪ್ಪದೆ ಹೇಳುತ್ತೇನೆ. ಎಲೆ ಅಡಿಕೆ, ಹೊಗೆಸೊಪ್ಪು, ಪಾನ್ ಮಸಾಲೆ ಹಾಕುವವರ ಬಾಯಲ್ಲಿ ಮೂರು ವಾರ ಕಳೆದರೂ ಮಾಯದ ಹುಣ್ಣಿದ್ದರೆ, ಅದರಲ್ಲೂ ಅಂಚು ಗಟ್ಟಿಯಾಗಿದ್ದು ನೋವೇ ಇಲ್ಲದಿದ್ದರೆ, ಯಾವ ಟ್ಯೂಬನ್ನೂ ಕೊಳ್ಳಬಾರದು. ಅಡಿಕೆಯನ್ನು, ಹೊಗೆಸೊಪ್ಪು ಸೇರಿಸದಿದ್ದರೂ, ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ವರ್ಗೀಕರಿಸಿದೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ಇದನ್ನು ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ, ನನ್ನ ಮಾವನವರಿಗಂತೂ ಹಿಡಿಸಲಿಲ್ಲ. ಆದರೂ ಅವರನ್ನು ನಮ್ಮೂರಿನ ದಂತ ವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ ಬಾಯಿ ತೋರಿಸಿದೆ. ಹುಣ್ಣು ಕಟ್ಟುಹಲ್ಲಿನ ಒರಸಾಟದ್ದೆಂದು ತಿಳಿಯಿತು, ಹಲ್ಲಿನ ಸೆಟ್ಟನ್ನು ಸರಿಪಡಿಸಿಕೊಟ್ಟರು. ತೋರಿಸದೆ ಪೇಸ್ಟು ಹಚ್ಚುತ್ತಾ ಕೂತಿದ್ದರೆ ಅದೂ ತಿಳಿಯುತ್ತಿರಲಿಲ್ಲ, ಬೇರೇನಾದರೂ ಆಗಿದ್ದರೆ ಅದೂ ತಿಳಿಯುತ್ತಿರಲಿಲ್ಲ.

ಕೊಳ್ಳುವವರಿಗೆ ಇನ್ನೆರಡು ಮಾತು. ಟ್ಯೂಬು ಚಿಕ್ಕದಾದರೂ ಒಬ್ಬರಿಗೆ ತಿಂಗಳುಗಟ್ಟಲೆ ಬರುತ್ತದೆ, ಆದ್ದರಿಂದ ಅಂಗಡಿಯಲ್ಲೇ ಅವಧಿ ಮುಗಿಯುವ ದಿನಾಂಕವನ್ನು ನೋಡಿಕೊಳ್ಳಬೇಕು. ಬೆರಳನ್ನು ಟ್ಯೂಬಿನ ಬಾಯಿಗೆ ತಾಗಿಸಬಾರದು, ಮನೆಮಂದಿಗೆಲ್ಲ ಒಂದೇ ಟ್ಯೂಬು ಸಲ್ಲದು, ಮತ್ತು ಟೂತ್‌ಪೇಸ್ಟಿನ ಪಕ್ಕದಲ್ಲಿ ಇಡಬಾರದು. ಏಕೆಂದರೆ ಒಂದು ಮುಂಜಾನೆ ವಿದ್ಯುತ್ ಇಲ್ಲದಾಗ ಇದರಿಂದಲೇ ನಾನು ಹಲ್ಲುಜ್ಜಿದ್ದೇನೆ. ಮೂರನೆಯ ಟ್ಯೂಬನ್ನು ಕೊಂಡು ಎಂಟು ತಿಂಗಳಾದವು. ಅದರಲ್ಲಿ ಇನ್ನೂ ಮುಕ್ಕಾಲು ಭಾಗ ಉಳಿದಿದೆ.